ನೀರಿನಲ್ಲಿ ಕಾಣುವುದು ತಲೆಕೆಳಗಾದ ನಕಲೇ? ನಾಲೆ ದಂಡೆಯ ಊರನ್ನು ತೈಲವರ್ಣದಲ್ಲಿ ಬಿಡಿಸುವವರು ನಂಬುವ ಆರು ತಪ್ಪುಗಳು

ಚಿತ್ರಕಲೆ ಕಲಿಸುವ ಒಂದು ನಿಮಿಷದ ವಿಡಿಯೊಗಳು ವಾಟ್ಸ್ಆ್ಯಪ್‌ ಗುಂಪುಗಳಲ್ಲಿ ಸದಾ ಓಡಾಡುತ್ತಿರುತ್ತವೆ. ನೀರಿನ ದಂಡೆಯ ಊರು, ಅದರ ಪ್ರತಿಬಿಂಬ, ಮಧ್ಯೆ ಒಂದು ಸೇತುವೆ. ನೋಡಲು ಸೊಗಸು. ಆದರೆ ಅವುಗಳ ಜೊತೆ ಬರುವ ಸಲಹೆಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಪೂರ್ತಿ ತಪ್ಪು, ಒಂದೆರಡು ಅಪಾಯಕಾರಿ. ಮೇಲಿನ ಮನೆಯನ್ನು ಕೆಳಗೆ ತಿರುಗಿಸಿ ಬಿಡಿಸಿದರೆ ಪ್ರತಿಬಿಂಬ ಆಯಿತು ಎನ್ನುವುದು ಒಂದು. ಬಣ್ಣ ಗಟ್ಟಿಯಾದರೆ ಅಡುಗೆಮನೆಯ ಕೊಬ್ಬರಿ ಎಣ್ಣೆ ಬೆರೆಸಿ ಎನ್ನುವುದು ಇನ್ನೊಂದು.

ಈ ಎರಡನೆಯ ಸಲಹೆ ನನಗೆ ಚೆನ್ನಾಗಿ ಗೊತ್ತು. ಪಿಯುಸಿ ಮುಗಿದ ಬೇಸಿಗೆಯಲ್ಲಿ ದಬ್ಬೇಘಟ್ಟದ ಮನೆಯಲ್ಲಿ ಕುಳಿತು ನಾಲೆಯ ಚಿತ್ರ ಬಿಡಿಸಿದ್ದೆ. ತೆಂಗಿನ ಸೀಮೆಯ ಮನೆಯಲ್ಲಿ ಎಣ್ಣೆಗೆ ಬರವೇ? ಧಾರಾಳವಾಗಿ ಬೆರೆಸಿದೆ. ದೀಪಾವಳಿ ಬಂದರೂ ಚಿತ್ರ ಒಣಗಲಿಲ್ಲ. ಅಷ್ಟು ಹೊತ್ತಿಗೆ ಆಕಾಶದ ತುಂಬ ಸೊಳ್ಳೆಗಳು ಅಂಟಿಕೊಂಡಿದ್ದವು.

ಹಾಗಾಗಿ ಈ ಲೇಖನ. ಮೊದಲು ಆರು ತಪ್ಪು ನಂಬಿಕೆಗಳು, ಆಮೇಲೆ ಬಿಡಿಸುವ ಕ್ರಮ, ಕೊನೆಗೆ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು.

ಚುಟುಕಾಗಿ ಹೇಳುವುದಾದರೆ

• ಪ್ರತಿಬಿಂಬ ತಲೆಕೆಳಗಾದ ನಕಲು ಅಲ್ಲ. ಅದು ಇನ್ನೊಂದು ಜಾಗದಿಂದ ನೋಡಿದ ನೋಟ.
• ನೀರಿನ ಬಣ್ಣ ನೀಲಿ ಎಂದು ಮೊದಲೇ ತೀರ್ಮಾನಿಸಬೇಡಿ.
• ಕೊಬ್ಬರಿ ಎಣ್ಣೆ ಬೆರೆಸಿದ ಬಣ್ಣ ಒಣಗುವುದಿಲ್ಲ.
• ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಬೆಂಕಿ ತಾನಾಗಿಯೇ ಹೊತ್ತಿಕೊಳ್ಳಬಹುದು.

ನಂಬಿಕೆ 1: ಮೇಲಿರುವುದೇ ಕೆಳಗೆ ತಲೆಕೆಳಗಾಗಿ ಕಾಣುತ್ತದೆ

ಅರ್ಧ ಸತ್ಯ.

ನಿಂತ ನೀರು ಮಲಗಿಸಿದ ಕನ್ನಡಿ ಇದ್ದ ಹಾಗೆ. ಬೆಳಕು ಯಾವ ಕೋನದಲ್ಲಿ ಬಂದು ಬೀಳುತ್ತದೋ ಅದೇ ಕೋನದಲ್ಲಿ ಹಿಂದಿರುಗುತ್ತದೆ. ಇದರ ಫಲವೇನೆಂದರೆ, ನಿಮ್ಮ ಕಣ್ಣು ನೀರಿನಿಂದ ಎಷ್ಟು ಮೇಲಿದೆಯೋ ಅಷ್ಟೇ ಆಳದಲ್ಲಿ, ನೀರಿನ ಕೆಳಗೆ ಕುಳಿತು ಒಬ್ಬರು ಊರನ್ನು ನೋಡಿದರೆ ಏನು ಕಾಣುತ್ತದೋ, ಅದನ್ನೇ ತಿರುಗಿಸಿದರೆ ಪ್ರತಿಬಿಂಬ. ಅಂದರೆ ಪ್ರತಿಬಿಂಬ ಯಾವಾಗಲೂ ಕೆಳಗಿನಿಂದ ನೋಡಿದ ನೋಟ. ಸೇತುವೆಯ ಮೇಲೆ ನಿಮಗೆ ರಸ್ತೆ ಕಂಡರೆ, ನೀರಿನಲ್ಲಿ ಸೇತುವೆಯ ಹೊಟ್ಟೆ ಕಾಣುತ್ತದೆ. ನೇರ ನೋಟದಲ್ಲಿ ಹೆಂಚಿನ ಮಾಡು ಕಂಡರೆ, ನೀರಿನಲ್ಲಿ ಸೂರಿನ ಅಡಿಭಾಗ ಕಾಣುತ್ತದೆ.

ಒಂದು ಲೆಕ್ಕ ನೋಡೋಣ. ನಾಲೆಯ ಈ ದಡದಲ್ಲಿ ನೀವಿದ್ದೀರಿ. ನಿಮ್ಮ ಕಣ್ಣು ನೀರಿನಿಂದ 6 ಅಡಿ ಮೇಲಿದೆ. ಎದುರು ದಂಡೆ 30 ಅಡಿ ದೂರ, ನೀರಿಗಿಂತ 3 ಅಡಿ ಎತ್ತರ. ಆ ದಂಡೆಯಿಂದ ಇನ್ನೂ 30 ಅಡಿ ಹಿಂದೆ, ಅಷ್ಟೇ ಎತ್ತರದ ಸಮ ನೆಲದಲ್ಲಿ ಒಂದು ಮನೆ. ಮನೆಯ ಬಾಗಿಲಲ್ಲಿ ಒಬ್ಬರು ನಿಂತಿದ್ದಾರೆ. ನೇರ ನೋಟದಲ್ಲಿ ಅವರು ತಲೆಯಿಂದ ಪಾದದವರೆಗೆ ಕಾಣುತ್ತಾರೆ. ಪ್ರತಿಬಿಂಬದಲ್ಲಿ?

ನೀರಿನ 6 ಅಡಿ ಕೆಳಗಿನಿಂದ ದಂಡೆಯ ಅಂಚನ್ನು ಮುಟ್ಟಿಕೊಂಡು ಒಂದು ಗೆರೆ ಎಳೆಯಿರಿ. ಅದು 30 ಅಡಿ ದೂರ ಸಾಗುವಾಗ 9 ಅಡಿ ಏರುತ್ತದೆ. ಮುಂದಿನ 30 ಅಡಿಗೆ ಮತ್ತೆ 9 ಅಡಿ. ಹಾಗಾಗಿ ಮನೆಯ ಗೋಡೆಯನ್ನು ಮುಟ್ಟುವಾಗ ಗೆರೆ ನೀರಿನ ಮಟ್ಟದಿಂದ 12 ಅಡಿ ಮೇಲೆ ಇರುತ್ತದೆ. ಮನೆಯ ನೆಲ ನೀರಿಗಿಂತ 3 ಅಡಿ ಮೇಲಿದೆ. ಎಂದರೆ ಗೋಡೆಯ ಕೆಳಗಿನ 9 ಅಡಿ ಪ್ರತಿಬಿಂಬದಲ್ಲಿ ಕಾಣುವುದೇ ಇಲ್ಲ. ಬಾಗಿಲೂ ಇಲ್ಲ, ಬಾಗಿಲಲ್ಲಿ ನಿಂತವರೂ ಇಲ್ಲ. ಮಾಡು ಮತ್ತು ಮನೆ ಹಿಂದಿನ ತೆಂಗಿನ ತಲೆಗಳು ಮಾತ್ರ. ಚಿತ್ರವನ್ನು ಯಾಂತ್ರಿಕವಾಗಿ ಕೆಳಕ್ಕೆ ತಿರುಗಿಸಿದವರು ಇಲ್ಲೇ ಸಿಕ್ಕಿಬೀಳುವುದು.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಗೋಡೆಗೆ ಹಾಕುವ ಕನ್ನಡಿಯನ್ನು ಮೇಜಿನ ಮೇಲೆ ಮಲಗಿಸಿ. ಅದರ ಆಚೆ ಅಂಚಿಗೆ ತಾಗುವಂತೆ ಒಂದು ದಪ್ಪ ಪುಸ್ತಕ ಇಡಿ, ಅದೇ ದಂಡೆ. ಪುಸ್ತಕದ ಅಂಚಿನಲ್ಲಿ ಒಂದು ಕಾಫಿ ಲೋಟ, ಅರ್ಧ ಅಡಿ ಹಿಂದೆ ಒಂದು ಬೆಂಕಿಪೊಟ್ಟಣ. ಕಣ್ಣನ್ನು ಮೇಜಿನ ಮಟ್ಟದಿಂದ ನಿಧಾನವಾಗಿ ಮೇಲೆತ್ತುತ್ತಾ ನೋಡಿ. ಬೆಂಕಿಪೊಟ್ಟಣ ಕಣ್ಣಿಗೆ ನೇರವಾಗಿ ಕಾಣುತ್ತಿರುವಾಗಲೇ ಕನ್ನಡಿಯಿಂದ ಮಾಯವಾಗುತ್ತದೆ.

ಇನ್ನೂ ಎರಡು ಎಚ್ಚರಿಕೆ. ಒಂದು, ಎಡಕ್ಕೆ ಬಾಗಿದ ತೆಂಗಿನ ಮರದ ಪ್ರತಿಬಿಂಬವೂ ಎಡಕ್ಕೇ ಬಾಗುತ್ತದೆ. ಫೋಟೊವನ್ನು ಅರ್ಧ ಸುತ್ತು ತಿರುಗಿಸಿ ನಕಲು ಮಾಡಿದರೆ ಎಡ ಬಲವಾಗಿಬಿಡುತ್ತದೆ, ಅದು ತಪ್ಪು. ಎರಡು, ಅಳತೆ ಶುರುವಾಗುವುದು ನೀರಿನ ಮಟ್ಟದಿಂದ. ಮನೆಯ ಬುಡದಿಂದಲೂ ಅಲ್ಲ, ದಿಗಂತದ ಗೆರೆಯಿಂದಲೂ ಅಲ್ಲ. ನೀರಿನಂಚಿನಲ್ಲೇ ಇರುವ ಮನೆಯಾದರೆ ಮೊದಲು ದಂಡೆಯ ಪ್ರತಿಬಿಂಬ, ಅದರ ಕೆಳಗೆ ಮನೆಯದು.

ನಂಬಿಕೆ 2: ನೀರು ಎಂದರೆ ನೀಲಿ

ತಪ್ಪು.

ಗೊರೂರಿನ ಜಲಾಶಯದಿಂದ ಬಂದು ಬಾಗೂರು ನವಿಲೆ ಸುರಂಗ ದಾಟಿ ನಮ್ಮ ಕಡೆಗೆ ಹರಿಯುವ ಹೇಮಾವತಿ ನಾಲೆಯ ನೀರನ್ನು ಒಮ್ಮೆ ದಿಟ್ಟಿಸಿ ನೋಡಿ. ಕಾಲ ಬಳಿ ಮಣ್ಣಿನ ಬಣ್ಣ, ನಡುವೆ ತೆಂಗಿನ ಹಸಿರು, ದೂರದಲ್ಲಿ ಆಕಾಶದ ಬಿಳುಪು. ಒಂದೇ ನೀರಿಗೆ ಮೂರು ಬಣ್ಣ ಏಕೆ?

ನೀರು ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂಬುದು ನೀವು ನೋಡುವ ಕೋನವನ್ನು ಅವಲಂಬಿಸಿದೆ. ನೇರ ಕೆಳಗೆ ನೋಡಿದರೆ ಬಿದ್ದ ಬೆಳಕಿನಲ್ಲಿ ಶೇ 2ರಷ್ಟು ಮಾತ್ರ ಪ್ರತಿಫಲಿಸುತ್ತದೆ. ಉಳಿದದ್ದು ಒಳಗೆ ಹೋಗುತ್ತದೆ, ಹಾಗಾಗಿ ತಳ ಅಥವಾ ಕೆಸರು ಕಾಣುತ್ತದೆ. ನೇರ ಕೆಳನೋಟದಿಂದ 60 ಡಿಗ್ರಿ ಓರೆಯಾದರೆ ಸುಮಾರು ಶೇ 6, 80 ಡಿಗ್ರಿಯಲ್ಲಿ ಸುಮಾರು ಶೇ 35. ಬಹುದೂರದ ನೀರಿನ ಮೇಲೆ ನೋಟ ಸವರಿಕೊಂಡು ಹೋಗುವಾಗ ಅದು ಹೆಚ್ಚುಕಡಿಮೆ ಪೂರ್ತಿ ಕನ್ನಡಿ. ಈ ಲೆಕ್ಕವನ್ನು 19ನೇ ಶತಮಾನದಲ್ಲಿ ಸೂತ್ರಕ್ಕೆ ತಂದವನು ಫ್ರಾನ್ಸಿನ ಫ್ರೆನೆಲ್.

ಚಿತ್ರ ಬಿಡಿಸುವವರಿಗೆ ಇದರಿಂದ ಸಿಗುವ ಸೂತ್ರ ಸರಳ. ಬೆಳ್ಳಗಿರುವ ಗೋಡೆ ನೀರಿನಲ್ಲಿ ಕೊಂಚ ಮಂಕಾಗುತ್ತದೆ, ಏಕೆಂದರೆ ಅದರ ಬೆಳಕಿನ ಒಂದು ಪಾಲು ನೀರಿನೊಳಗೆ ಹೋಯಿತು. ಕಪ್ಪಗಿರುವ ಮರದ ಬೊಡ್ಡೆ ನೀರಿನಲ್ಲಿ ಕೊಂಚ ತಿಳಿಯಾಗುತ್ತದೆ, ಏಕೆಂದರೆ ನೀರಿನ ಮಣ್ಣಿನ ಬಣ್ಣ ಅದಕ್ಕೆ ಸೇರಿಕೊಂಡಿತು. ಕಡು ಕಪ್ಪೂ ಇಲ್ಲ, ಅಚ್ಚ ಬಿಳಿಯೂ ಇಲ್ಲ. ನೀರಿನಲ್ಲಿ ಎರಡೂ ಒಂದೊಂದು ಹೆಜ್ಜೆ ನಡುವಿಗೆ ಸರಿಯುತ್ತವೆ. ಹೊಸಬರ ಚಿತ್ರದಲ್ಲಿ ನೀರು ಗಾಜಿನ ಹಾಗೆ ಕಾಣುವುದಕ್ಕೆ ಮುಖ್ಯ ಕಾರಣ ಈ ಹೆಜ್ಜೆಯನ್ನು ಬಿಟ್ಟುಬಿಡುವುದು.

ನಂಬಿಕೆ 3: ನೆರಳೂ ಪ್ರತಿಬಿಂಬವೂ ಒಂದೇ

ತಪ್ಪು. ಆದರೆ ಗೊಂದಲ ಸಹಜ, ಏಕೆಂದರೆ ಮಾತಿನಲ್ಲಿ ನಾವು ಎರಡಕ್ಕೂ ನೆರಳು ಎಂದೇ ಹೇಳುತ್ತೇವೆ.

ನೆರಳನ್ನು ನಿರ್ಧರಿಸುವುದು ಸೂರ್ಯ. ನೀವು ಎಲ್ಲಿ ನಿಂತರೂ ಮರದ ನೆರಳು ಅದೇ ಜಾಗದಲ್ಲಿರುತ್ತದೆ. ಪ್ರತಿಬಿಂಬವನ್ನು ನಿರ್ಧರಿಸುವುದು ನಿಮ್ಮ ಕಣ್ಣು. ನೀವು ಹತ್ತು ಹೆಜ್ಜೆ ನಡೆದರೆ ಅದೂ ನಿಮ್ಮ ಜೊತೆ ನಡೆಯುತ್ತದೆ. ತಿಳಿನೀರಿನ ಮೇಲೆ ನೆರಳು ಸರಿಯಾಗಿ ಮೂಡುವುದೇ ಇಲ್ಲ. ಕೆಸರು ನೀರಿನಲ್ಲಿ ಮಾತ್ರ ತೇಲುವ ಮಣ್ಣಿನ ಕಣಗಳ ಮೇಲೆ ಬಿದ್ದು ಸ್ಪಷ್ಟವಾಗಿ ಕಾಣುತ್ತದೆ. ಮಳೆಗಾಲದ ನಾಲೆಯ ನೀರಿನಲ್ಲಿ ಎರಡೂ ಒಟ್ಟಿಗೆ ಇರುತ್ತವೆ: ನಿಮ್ಮ ಕಡೆಗೆ ನೇರವಾಗಿ ಇಳಿದ ಪ್ರತಿಬಿಂಬ, ಸೂರ್ಯನಿಗೆ ಎದುರು ದಿಕ್ಕಿಗೆ ಓರೆಯಾಗಿ ಬಿದ್ದ ನೆರಳು. ಎರಡನ್ನೂ ಬೇರೆ ಬೇರೆಯಾಗಿ ಬಿಡಿಸಿದರೆ ನೀರಿಗೆ ಮೈ ಬರುತ್ತದೆ.

ನಂಬಿಕೆ 4: ಹರಿಯುವ ನೀರಿನಲ್ಲಿ ಪ್ರತಿಬಿಂಬವೂ ಅಡ್ಡಕ್ಕೆ ಹರಿಯುತ್ತದೆ

ತಪ್ಪು. ನೀರು ಹರಿಯುತ್ತದೆ, ಪ್ರತಿಬಿಂಬ ನಿಂತಲ್ಲೇ ನಿಲ್ಲುತ್ತದೆ.

ಅಲೆ ಎದ್ದಾಗ ನೀರಿನ ಮೇಲ್ಮೈ ಸಾವಿರಾರು ಪುಟ್ಟ ಕನ್ನಡಿಗಳಾಗಿ ಒಡೆಯುತ್ತದೆ. ಒಂದೊಂದೂ ಒಂದೊಂದು ಕಡೆ ವಾಲಿರುತ್ತದೆ. ನಾವು ಓರೆಯಾಗಿ ನೋಡುವುದರಿಂದ ಆ ವಾಲುವಿಕೆ ಪ್ರತಿಬಿಂಬವನ್ನು ಅಕ್ಕಪಕ್ಕ ಹರಡುವುದಕ್ಕಿಂತ ಹೆಚ್ಚಾಗಿ ನಮ್ಮ ಕಡೆಗೆ ಉದ್ದಕ್ಕೆ ಎಳೆಯುತ್ತದೆ. ಬೀದಿ ದೀಪ ಒಂದು ಚುಕ್ಕೆ, ನೀರಿನಲ್ಲಿ ಅದು ಉದ್ದನೆಯ ಕಂಬ. ಕೆರೆಯಲ್ಲಿ ಹುಣ್ಣಿಮೆ ಚಂದ್ರ ಕಾಣುವುದೂ ಹೀಗೆಯೇ. ಹಾಗಾಗಿ ಪ್ರತಿಬಿಂಬದ ಹರಹು ಮೇಲಿಂದ ಕೆಳಕ್ಕೆ, ಅದರ ಅಂಚು ಒಡೆಯುವುದು ಅಡ್ಡಡ್ಡಕ್ಕೆ. ದೂರದ ಅಲೆ ಗೆರೆಯಷ್ಟು ಸಣ್ಣದು, ಹತ್ತಿರದ್ದು ಅಗಲ.

ನಂಬಿಕೆ 5: ಎಣ್ಣೆ ಯಾವುದಾದರೇನು, ಕೊಬ್ಬರಿ ಎಣ್ಣೆಯೂ ಆಗುತ್ತದೆ

ತಪ್ಪು. ಶ್ರಮವೆಲ್ಲ ಹಾಳು.

ನಮ್ಮ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತ ಕಾಯಿ ಕೊಬ್ಬರಿಯಾಗುವುದು ಒಳಗಿನ ನೀರು ಆರಿ. ಒಣಗಿದ ಕೊಬ್ಬರಿ ಹಗುರ. ತೈಲವರ್ಣ ಒಣಗುವುದು ಹೀಗಲ್ಲ. ಅದರಲ್ಲಿರುವ ಅಗಸೆ ಎಣ್ಣೆ, ಅಂದರೆ ಅಂಗಡಿಯಲ್ಲಿ ಲಿನ್‌ಸೀಡ್ ಆಯಿಲ್ ಎಂದು ಸಿಗುವುದು, ಆವಿಯಾಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪದರವಾಗುತ್ತವೆ. ಒಣಗುವ ಆರಂಭದಲ್ಲಿ ಬಣ್ಣದ ತೂಕ ಕಡಿಮೆಯಾಗುವ ಬದಲು ಸ್ವಲ್ಪ ಹೆಚ್ಚುತ್ತದೆ!

ಹೀಗೆ ಹೆಣೆದುಕೊಳ್ಳಲು ಎಣ್ಣೆಯಲ್ಲಿ ಅಪರ್ಯಾಪ್ತ ಕೊಬ್ಬು ಬೇಕು. ಅದನ್ನು ಅಳೆಯುವ ಮಾಪನಕ್ಕೆ ಅಯೋಡಿನ್ ಸಂಖ್ಯೆ ಎನ್ನುತ್ತಾರೆ. ಅಗಸೆ ಎಣ್ಣೆಯದು ಸಾಮಾನ್ಯವಾಗಿ 170ಕ್ಕಿಂತ ಹೆಚ್ಚು. ಕೊಬ್ಬರಿ ಎಣ್ಣೆಯದು 6ರಿಂದ 11ರ ಆಸುಪಾಸು, ಅದರ ಕೊಬ್ಬಿನಲ್ಲಿ ಶೇ 90ರಷ್ಟು ಪರ್ಯಾಪ್ತ. ಬೇಗ ಕೆಡದೆ ತಲೆಗೂ ಅಡುಗೆಗೂ ಒದಗುವ ಅದರ ಗುಣವೇ ಬಣ್ಣಕ್ಕೆ ಶತ್ರು. ಕಡಲೆಕಾಯಿ ಎಣ್ಣೆ, ಹೊಂಗೆ ಎಣ್ಣೆಗಳೂ ಈ ಕೆಲಸಕ್ಕೆ ಬಾರವು.

“ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದಲ್ಲ?” ಎಂದು ಕೇಳುವವರಿದ್ದಾರೆ. ಆಗುತ್ತದೆ, ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದಾಗ. ಆದರೆ ಅದು ಹೆಪ್ಪುಗಟ್ಟುವುದು, ಒಣಗುವುದಲ್ಲ. ಬಿಸಿಲು ಬಂದರೆ ಮತ್ತೆ ಕರಗುತ್ತದೆ, ಜೊತೆಗೆ ನಿಮ್ಮ ನಾಲೆಯೂ.

ಇನ್ನೊಂದು ಮಾತು. ತೈಲವರ್ಣ ಯುರೋಪಿನಲ್ಲಿ 15ನೇ ಶತಮಾನದಲ್ಲಿ ಒಬ್ಬ ಕಲಾವಿದ ಕಂಡುಹಿಡಿದದ್ದು ಎಂಬ ಮಾತೂ ಓಡಾಡುತ್ತದೆ. ಅಫ್ಗಾನಿಸ್ತಾನದ ಬಾಮಿಯಾನ್‌ ಗುಹೆಗಳ ಬೌದ್ಧ ಭಿತ್ತಿಚಿತ್ರಗಳಲ್ಲಿ ಒಣಗುವ ಎಣ್ಣೆ ಬಳಸಿರುವುದು ಪ್ರಯೋಗಾಲಯ ಪರೀಕ್ಷೆಗಳಲ್ಲಿ ಪತ್ತೆಯಾಗಿದೆ. ಅವು 7ನೇ ಶತಮಾನದ ಸುಮಾರಿನವು.

ನಂಬಿಕೆ 6: ಬ್ರಷ್ ಒರೆಸಿದ ಬಟ್ಟೆ ತಾನೇ, ಮೂಲೆಗೆ ಎಸೆದರೆ ಸಾಕು

ತಪ್ಪು, ಮತ್ತು ಅಪಾಯ. ಇಡೀ ಲೇಖನದಲ್ಲಿ ಒಂದನ್ನೇ ಹಂಚುವುದಾದರೆ ಇದನ್ನು ಹಂಚಿ.

ಅಗಸೆ ಎಣ್ಣೆ ಆಮ್ಲಜನಕ ಹೀರುವಾಗ ಬಿಸಿ ಹೊರಬರುತ್ತದೆ. ಕ್ಯಾನ್ವಾಸಿನ ಮೇಲೆ ತೆಳುವಾಗಿ ಹರಡಿದ್ದಾಗ ಆ ಬಿಸಿ ಗಾಳಿಗೆ ಹೋಗುತ್ತದೆ. ಆದರೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಬಿಸಿ ಒಳಗೇ ಉಳಿಯುತ್ತದೆ. ಬಿಸಿ ಹೆಚ್ಚಿದಷ್ಟೂ ಹೀರುವ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಷ್ಟೂ ಬಿಸಿ ಏರುತ್ತದೆ. ಕೆಲವು ಗಂಟೆಗಳಲ್ಲಿ ಕಡ್ಡಿ ಗೀರದೆಯೇ ಬೆಂಕಿ ಹೊತ್ತಿಕೊಳ್ಳಬಹುದು.

ಇದು ಕಟ್ಟುಕತೆಯಲ್ಲ. 1991ರ ಫೆಬ್ರುವರಿ 23ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ವನ್ ಮೆರಿಡಿಯನ್ ಪ್ಲಾಜಾ ಎಂಬ ಗಗನಚುಂಬಿ ಕಟ್ಟಡದ 22ನೇ ಮಹಡಿಯಲ್ಲಿ ಬೆಂಕಿ ಎದ್ದಿತು. ಮರಗೆಲಸಕ್ಕೆ ಬಳಸಿ ಬಿಟ್ಟುಹೋದ ಅಗಸೆ ಎಣ್ಣೆಯ ಬಟ್ಟೆಗಳೇ ಅದಕ್ಕೆ ಕಾರಣ. ಮೂವರು ಅಗ್ನಿಶಾಮಕ ಸಿಬ್ಬಂದಿ ಜೀವ ಕಳೆದುಕೊಂಡರು.

ನಮ್ಮ ಮನೆಗಳನ್ನು ಒಮ್ಮೆ ಯೋಚಿಸಿ. ಅಟ್ಟದ ತುಂಬ ಕೊಬ್ಬರಿ, ಹಿತ್ತಲಲ್ಲಿ ಮಟ್ಟೆಯ ರಾಶಿ, ಒಲೆಯ ಪಕ್ಕ ಒಣಗಿದ ಗರಿ. ಅಂಥ ಜಾಗದಲ್ಲಿ ಎಣ್ಣೆಬಟ್ಟೆಯ ಒಂದು ಮುದ್ದೆ ಸಾಕು. ಮಾಡಬೇಕಾದದ್ದು ಇಷ್ಟೇ: ಬಟ್ಟೆಯನ್ನು ಬಯಲಲ್ಲಿ, ಸುಡುವ ವಸ್ತುಗಳಿಂದ ದೂರ, ಒಂದೊಂದಾಗಿ ಬಿಡಿಸಿ ಹರಡಿ. ಪೂರ್ತಿ ಒಣಗಿ ಬಿರುಸಾದ ಮೇಲೆ ಎಸೆಯಿರಿ. ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿ.

ಹಾಗಾದರೆ ಬಿಡಿಸುವುದು ಹೇಗೆ?

ಬೆಳಗ್ಗೆ ಗಾಳಿ ಏಳುವ ಮುನ್ನ ನೀರು ಶಾಂತವಾಗಿರುತ್ತದೆ. ಅದೇ ಒಳ್ಳೆಯ ಹೊತ್ತು. ಬೆಳಕು ಬೇಗ ಬದಲಾಗುವುದರಿಂದ ಒಂದೂವರೆ, ಎರಡು ಗಂಟೆಯೊಳಗೆ ಮುಖ್ಯ ಬಣ್ಣಗಳನ್ನು ಹಿಡಿಯಬೇಕು. ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ಮನೆಯಲ್ಲಿ ನೆನಪಿಗೆ ಬೇಕಾಗುತ್ತದೆ. ನಾಲೆಯ ಕಾಂಕ್ರೀಟ್ ಇಳಿಜಾರಿಗೆ ಮಾತ್ರ ಇಳಿಯಬೇಡಿ. ಪಾಚಿ ಹಿಡಿದ ಆ ಇಳಿಜಾರಿನಲ್ಲಿ ಜಾರಿದರೆ ಹಿಡಿಯಲು ಏನೂ ಇರುವುದಿಲ್ಲ, ಈಜು ಬಲ್ಲವರೂ ಮೇಲೆ ಹತ್ತಲಾರರು. ಏರಿಯ ಮೇಲೆ, ಅಂಚಿನಿಂದ ಹಿಂದೆ ಕುಳಿತುಕೊಳ್ಳಿ.

1. ಕ್ಯಾನ್ವಾಸಿಗೆ ಮೊದಲು ತೆಳು ಕಂದು ಬಣ್ಣ ಬಳಿಯಿರಿ. ಬರ್ಂಟ್ ಸಿಯೆನಾ ಬಣ್ಣಕ್ಕೆ ಟರ್ಪೆಂಟೈನ್ ಬೆರೆಸಿದರೆ ಸಾಕು. ಬಿಳಿ ಕ್ಯಾನ್ವಾಸಿನ ಮೇಲೆ ಎಲ್ಲ ಬಣ್ಣವೂ ಕಪ್ಪಾಗಿ ಕಂಡು ಮೋಸ ಮಾಡುತ್ತದೆ.

2. ಎರಡು ಗೆರೆ ಗುರುತಿಸಿ: ಕಣ್ಣಿನ ಮಟ್ಟದ ಗೆರೆ, ನೀರಿನಂಚಿನ ಗೆರೆ. ಇವೆರಡೂ ಒಂದೇ ಅಲ್ಲ.

3. ಮನೆಯ ಮೂಲೆ, ಮರದ ತುದಿ, ಕಂಬ, ಹೀಗೆ ಮುಖ್ಯ ಬಿಂದುಗಳಿಂದ ತೂಗುಗುಂಡು ಬಿಟ್ಟ ಹಾಗೆ ನೇರ ಕೆಳಕ್ಕೆ ಗೆರೆ ಎಳೆಯಿರಿ. ಪ್ರತಿಬಿಂಬ ಆ ಗೆರೆಯ ಮೇಲೆಯೇ ಇರಬೇಕು.

4. ಕಡು ಬಣ್ಣಗಳಿಂದ ಶುರುಮಾಡಿ. ಮೇಲಿನ ಮರ ಮತ್ತು ಅದರ ಪ್ರತಿಬಿಂಬವನ್ನು ಒಟ್ಟಿಗೆ ತುಂಬಿ. ಊರನ್ನೆಲ್ಲ ಮುಗಿಸಿ ನೀರನ್ನು ಕೊನೆಗೆ ಬಿಟ್ಟರೆ ಎರಡೂ ಬೇರೆ ಬೇರೆ ದಿನದ ಚಿತ್ರಗಳಾಗಿಬಿಡುತ್ತವೆ. ಕಪ್ಪು ಟ್ಯೂಬು ಬೇಡ. ಅಲ್ಟ್ರಾಮರೀನ್ ನೀಲಿ ಮತ್ತು ಬರ್ಂಟ್ ಅಂಬರ್ ಬೆರೆಸಿದರೆ ಉಸಿರಾಡುವ ಕಪ್ಪು ಸಿಗುತ್ತದೆ.

5. ಪ್ರತಿಬಿಂಬದ ಬಣ್ಣಕ್ಕೆ ನಾಲೆಯ ನೀರಿನ ಮಣ್ಣು ಬಣ್ಣವನ್ನು ಒಂದಿಷ್ಟು ಸೇರಿಸಿ. ಯೆಲ್ಲೋ ಓಕರ್ ಜೊತೆ ತುಸು ಅಂಬರ್ ಸಾಕು. ಎರಡನೇ ನಂಬಿಕೆಯಲ್ಲಿ ಹೇಳಿದ ಹೆಜ್ಜೆ ಇದೇ.

6. ಬಣ್ಣ ಹಸಿಯಿರುವಾಗಲೇ ಒಣ, ಮೆದು, ಅಗಲ ಬ್ರಷ್ಷನ್ನು ಮೇಲಿಂದ ಕೆಳಕ್ಕೆ ಹಗುರವಾಗಿ ಎಳೆಯಿರಿ. ಆಮೇಲೆ ಒಮ್ಮೆ ಮಾತ್ರ ಅಡ್ಡಕ್ಕೆ ಸವರಿ. ತೈಲವರ್ಣ ನಿಧಾನವಾಗಿ ಒಣಗುವುದೇ ಇಲ್ಲಿ ನಮಗೆ ವರ. ಇದೇ ಕೆಲಸ ಬೇಗ ಒಣಗುವ ಅಕ್ರಿಲಿಕ್‌ನಲ್ಲಿ ಕಷ್ಟ.

7. ಕೊನೆಗೆ ಆಕಾಶದ ಬಣ್ಣದಲ್ಲಿ ಮೂರೋ ನಾಲ್ಕೋ ಅಡ್ಡ ಗೆರೆ. ಇಪ್ಪತ್ತು ಎಳೆದರೆ ನೀರು ಚಾಪೆಯಾಗುತ್ತದೆ.

8. ಮೊದಲ ಪದರಗಳಲ್ಲಿ ಎಣ್ಣೆ ಕಡಿಮೆ, ಮೇಲಿನ ಪದರಗಳಲ್ಲಿ ಹೆಚ್ಚು. ಅಡಿಯ ಪದರ ನಿಧಾನವಾಗಿ ಒಣಗಿ ಮೇಲಿನದು ಬೇಗ ಒಣಗಿದರೆ, ಅಡಿಯದು ಅಲುಗಾಡಿದಂತೆ ಮೇಲಿನದು ಬಿರುಕು ಬಿಡುತ್ತದೆ.

ನೋಡಿ ಕಲಿಯಬೇಕೆನ್ನುವವರಿಗೆ

ನಾಲೆಗಳ ಊರು ಎಂದರೆ ಲೋಕಕ್ಕೆಲ್ಲ ಇಟಲಿಯ ವೆನಿಸ್. ಅಲ್ಲೇ ಹುಟ್ಟಿದ ಕೆನಾಲೆಟ್ಟೊ (1697–1768) ನೀರು, ಕಟ್ಟಡ ಎರಡನ್ನೂ ಕಟ್ಟುನಿಟ್ಟಾಗಿ ಬಿಡಿಸಿದ. 1908ರಲ್ಲಿ ಅಲ್ಲಿಗೆ ಹೋದ ಫ್ರಾನ್ಸಿನ ಮೊನೆ ಅದೇ ಊರನ್ನು ಗೆರೆಯಿಲ್ಲದೆ, ಬರೀ ಬಣ್ಣದ ಮಿಣುಕಿನಿಂದ ಕಟ್ಟಿದ. ಅಲ್ಲಿ ಶುರುಮಾಡಿದ ಚಿತ್ರಗಳನ್ನು ಮನೆಗೆ ತಂದು ಮುಗಿಸಿ 1912ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶಿಸಿದ. ಸ್ಥಳದಲ್ಲೇ ಎಲ್ಲ ಮುಗಿಯಬೇಕು ಎಂಬ ಹಟ ಬೇಡ ಎನ್ನುವುದಕ್ಕೆ ಇದು ಸಾಕ್ಷಿ. ನಮ್ಮಲ್ಲಿ ದೊಡ್ಡಬಳ್ಳಾಪುರದಲ್ಲಿ 1910ರಲ್ಲಿ ಹುಟ್ಟಿದ ರುಮಾಲೆ ಚೆನ್ನಬಸವಯ್ಯನವರು ಸ್ವಾತಂತ್ರ್ಯ ಹೋರಾಟಗಾರರೂ ಹೌದು, ಬೆಂಗಳೂರಿನ ಹೂಮರಗಳ, ನಿಸರ್ಗದ ಚಿತ್ರಕಾರರೂ ಹೌದು. ಬೆಳಕನ್ನು ಬಣ್ಣದ ಸಣ್ಣ ಸಣ್ಣ ಹೊಡೆತಗಳಲ್ಲಿ ಹಿಡಿಯುವುದು ಹೇಗೆಂದು ಅವರ ಚಿತ್ರಗಳಲ್ಲಿ ನೋಡಬಹುದು.

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಟರ್ಪೆಂಟೈನ್ ಬದಲು ಸೀಮೆಎಣ್ಣೆ ಬಳಸಬಹುದೇ?
ಬೇಡ. ಪೂರ್ತಿ ಆರದೆ ಜಿಡ್ಡು ಉಳಿಸುತ್ತದೆ. ಟರ್ಪೆಂಟೈನ್ ಬಳಸುವಾಗಲೂ ಕಿಟಕಿ ಬಾಗಿಲು ತೆರೆದಿಡಿ, ಒಲೆ ದೀಪಗಳಿಂದ ದೂರವಿರಿ. ಅದರ ಆವಿ ತಲೆನೋವು ತರುತ್ತದೆ, ಬೇಗ ಬೆಂಕಿಯನ್ನೂ ಹಿಡಿಯುತ್ತದೆ.

ಬಣ್ಣಗಳು ವಿಷವೇ?
ಕೆಲವು ಹೌದು. ಸೀಸದ ಬಿಳಿ, ಕ್ಯಾಡ್ಮಿಯಂ ಬಣ್ಣಗಳು ಹೊಟ್ಟೆಗೆ ಹೋಗಬಾರದು. ಬಿಳಿಗೆ ಟೈಟಾನಿಯಂ ವೈಟ್ ಸಾಕು. ಬ್ರಷ್ ತುದಿಯನ್ನು ಬಾಯಲ್ಲಿ ಚೂಪು ಮಾಡುವ ಅಭ್ಯಾಸ ಬಿಡಿ. ಊಟಕ್ಕೆ ಮುನ್ನ ಕೈ ತೊಳೆಯಿರಿ. ತೊಳೆದ ಟರ್ಪೆಂಟೈನನ್ನು ನಾಲೆಗೋ ತೋಟಕ್ಕೋ ಚೆಲ್ಲಬೇಡಿ.

ಎಷ್ಟು ದಿನಕ್ಕೆ ಒಣಗುತ್ತದೆ?
ತೆಳು ಪದರ ಮುಟ್ಟಿದರೆ ಅಂಟದಂತಾಗಲು ಕೆಲವು ದಿನಗಳಿಂದ ಒಂದೆರಡು ವಾರ. ಒಳಗೆ ಪೂರ್ತಿ ಗಟ್ಟಿಯಾಗಲು ತಿಂಗಳುಗಳು. ಸಾಮಾನ್ಯ ವಾರ್ನಿಷ್ ಹಚ್ಚಲು ಆರು ತಿಂಗಳಾದರೂ ಕಾಯುವುದು ವಾಡಿಕೆ.

ಈ ತಿಳಿವಳಿಕೆಯಿಂದ ನಕಲಿ ಫೋಟೊ ಹಿಡಿಯಬಹುದೇ?
ಕೆಲವೊಮ್ಮೆ. ಫಾರ್ವರ್ಡ್ ಆಗಿ ಬಂದ ಚಿತ್ರದಲ್ಲಿ ನೀರಿದ್ದರೆ ಮೂರು ನೋಡಿ. ವಸ್ತು ಮತ್ತು ಅದರ ಪ್ರತಿಬಿಂಬ ಒಂದೇ ನೇರ ಗೆರೆಯಲ್ಲಿವೆಯೇ? ದಂಡೆಯಿಂದ ಹಿಂದಿರುವ ವಸ್ತುವಿನ ಬುಡ ಪ್ರತಿಬಿಂಬದಲ್ಲಿ ಮರೆಯಾಗಿದೆಯೇ, ಅಥವಾ ಇಡೀ ಚಿತ್ರ ಹಾಗೆಯೇ ಮಗುಚಿದೆಯೇ? ಮೇಲೆ ಇರುವುದು ಕೆಳಗೆ ಇಲ್ಲದೆ, ಕೆಳಗೆ ಬೇರೇನೋ ಇದೆಯೇ? ಕೃತಕ ಬುದ್ಧಿಮತ್ತೆಯಿಂದ ಮಾಡಿದ ಚಿತ್ರಗಳು ಇಲ್ಲಿ ಎಡವುವುದುಂಟು. ಆದರೆ ಇಷ್ಟರಿಂದಲೇ ತೀರ್ಪು ಕೊಡಬೇಡಿ. ಕ್ಯಾಮೆರಾ ವಾಲಿದ್ದರೆ, ಅಲೆ ಇದ್ದರೆ ನಿಜವಾದ ಫೋಟೊ ಕೂಡ ವಿಚಿತ್ರವಾಗಿ ಕಾಣಬಹುದು.

ಕೊನೆಯ ಮಾತು

ನಾಲೆಯ ದಂಡೆಯಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತು ನೋಡಿ. ಬಾಗಿಲಲ್ಲಿ ನಿಂತವರು ನೀರಿನಲ್ಲಿ ಇದ್ದಾರೋ ಇಲ್ಲವೋ ಎಂದು ನಿಮಗೇ ಗೊತ್ತಾಗುತ್ತದೆ. ಆಮೇಲೆ ಬಿಡಿಸಿ. ಹಾಂ, ಮನೆಗೆ ಹೋದ ಕೂಡಲೇ ಆ ಎಣ್ಣೆಬಟ್ಟೆಯನ್ನು ಬಯಲಲ್ಲಿ ಹರಡುವುದನ್ನು ಮರೆಯಬೇಡಿ. ಚಿತ್ರ ಬಿಡಿಸುವವರು, ಮರಕ್ಕೆ ಪಾಲಿಶ್ ಹಾಕುವವರು ನಿಮ್ಮ ಗುಂಪಿನಲ್ಲಿದ್ದರೆ ಆರನೇ ನಂಬಿಕೆಯನ್ನು ಅವರಿಗೆ ಇಂದೇ ಕಳುಹಿಸಿ.